ನೆಲೆ ಸಿಕ್ಕಿತು, ನೆಮ್ಮದಿ ಸಿಗಲಿಲ್ಲ

ಇಂಡೋ-ಚೀನಾ ನಿರಾಶ್ರಿತರ ಐವತ್ತು ವರ್ಷ: ಯುದ್ಧ ಮಾಡಿದ ಗಾಯವೆಷ್ಟು, ಆಶ್ರಯದಾತರ ನೀತಿ ಮಾಡಿದ ಗಾಯವೆಷ್ಟು?

ಸೈಗಾನ್ ನಗರ ಪತನಗೊಂಡು 2025ರ ಏಪ್ರಿಲ್ 30ಕ್ಕೆ ಐವತ್ತು ವರ್ಷ ತುಂಬಿತು. ವಿಯೆಟ್ನಾಂ ಆ ದಿನವನ್ನು ಸೇನಾ ಪಥಸಂಚಲನದೊಂದಿಗೆ ವಿಜಯೋತ್ಸವವಾಗಿ ಆಚರಿಸಿದರೆ, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ವಿಯೆಟ್ನಾಮೀಯರು ಅದನ್ನೇ ‘ಕಪ್ಪು ಏಪ್ರಿಲ್’ ಎಂದು ಶೋಕದಿಂದ ನೆನೆದರು. ಒಂದೇ ದಿನ, ಒಂದೆಡೆ ಹಬ್ಬ, ಇನ್ನೊಂದೆಡೆ ಸೂತಕ. ಅರ್ಧ ಶತಮಾನದ ಹಿಂದೆ ಮುಗಿದ ಯುದ್ಧ ಜನರ ಮನಸ್ಸಿನಲ್ಲಿ ಇನ್ನೂ ಮುಗಿದಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

1975ರಿಂದ ಮುಂದಿನ ಎರಡು ದಶಕಗಳಲ್ಲಿ ವಿಯೆಟ್ನಾಂ, ಕಾಂಬೋಡಿಯಾ ಮತ್ತು ಲಾವೋಸ್‌ಗಳಿಂದ ಸುಮಾರು 30 ಲಕ್ಷ ಜನ ದೇಶ ಬಿಟ್ಟರು. ಅವರಲ್ಲಿ 10 ಲಕ್ಷಕ್ಕೂ ಹೆಚ್ಚು ಮಂದಿಗೆ ಅಮೆರಿಕ ಆಶ್ರಯ ನೀಡಿತು. ಫ್ರಾನ್ಸ್, ಕೆನಡಾ, ಆಸ್ಟ್ರೇಲಿಯಾಗಳೂ ದೊಡ್ಡ ಸಂಖ್ಯೆಯಲ್ಲಿ ಬರಮಾಡಿಕೊಂಡವು. ವಿಶ್ವಸಂಸ್ಥೆ 1979ರ ಜುಲೈನಲ್ಲಿ ಜಿನೀವಾದಲ್ಲಿ ಕರೆದ ಸಭೆಗೆ 65 ದೇಶಗಳು ಬಂದಿದ್ದವು. ನಿರಾಶ್ರಿತರ ಪುನರ್ವಸತಿಯ ಚರಿತ್ರೆಯಲ್ಲಿ ಇಷ್ಟು ದೊಡ್ಡ ಅಂತಾರಾಷ್ಟ್ರೀಯ ಪ್ರಯತ್ನಗಳು ವಿರಳ.

ಅಷ್ಟೇ ಮುಖ್ಯವಾದ ಇನ್ನೊಂದು ಸಂಗತಿಯಿದೆ. ಈ ಜನರ ಮಾನಸಿಕ ಆರೋಗ್ಯವನ್ನು ವೈದ್ಯರು ಮತ್ತು ಸಮಾಜ ವಿಜ್ಞಾನಿಗಳು ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಹಲವು ದೇಶಗಳಲ್ಲಿ ಅಧ್ಯಯನ ಮಾಡಿದ್ದಾರೆ. ಆ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ನಿರಾಶ್ರಿತನ ಮನಸ್ಸಿಗೆ ಗಾಯ ಮಾಡುವುದು ಯುದ್ಧವೇ ಆದರೂ, ಆ ಗಾಯ ಮಾಯುತ್ತದೆಯೋ ಕೀವು ಕಟ್ಟುತ್ತದೆಯೋ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಆಶ್ರಯ ಕೊಟ್ಟ ದೇಶದ ನೀತಿ.

ಮೂರು ದೇಶ, ಮೂರು ಬಗೆಯ ದುರಂತ

ಹೊರಗಿನವರು ಈ ಜನರನ್ನೆಲ್ಲ ಒಂದೇ ಹೆಸರಿನಿಂದ ಕರೆದರೂ ಅವರು ಹೊತ್ತು ತಂದ ನೆನಪುಗಳು ಒಂದೇ ಅಲ್ಲ. 1975ರ ಏಪ್ರಿಲ್ 17ರಂದು ಕಾಂಬೋಡಿಯಾದ ರಾಜಧಾನಿಯನ್ನು ವಶಪಡಿಸಿಕೊಂಡ ಖಮೇರ್ ರೂಜ್ ಪಡೆಗಳು ನಗರವನ್ನೇ ಖಾಲಿ ಮಾಡಿಸಿ ಜನರನ್ನು ಗದ್ದೆಗಳಲ್ಲಿ ದುಡಿಯಲು ಅಟ್ಟಿದವು. 1979ರ ಜನವರಿಯಲ್ಲಿ ವಿಯೆಟ್ನಾಂ ಸೇನೆ ಒಳನುಗ್ಗುವ ವೇಳೆಗೆ ಹಸಿವು, ರೋಗ ಮತ್ತು ಹತ್ಯೆಗಳಿಗೆ ಸುಮಾರು 17 ಲಕ್ಷ ಜನ ಬಲಿಯಾಗಿದ್ದರು. ಉಳಿದವರಲ್ಲಿ ಅನೇಕರು ಕಾಡು ಹಾದಿಯಲ್ಲಿ ನಡೆದು ಥಾಯ್ಲೆಂಡ್ ಗಡಿ ತಲುಪಿದರು. ಖಾವೊ-ಇ-ದಾಂಗ್‌ನಂತಹ ಶಿಬಿರಗಳಲ್ಲಿ ವರ್ಷಗಟ್ಟಲೆ ಕಾದರು.

ವಿಯೆಟ್ನಾಮೀಯರ ಕಥೆ ಬೇರೆ. ಸೋತ ದಕ್ಷಿಣದ ಸೈನಿಕರು ಮತ್ತು ಅಧಿಕಾರಿಗಳು ‘ಮರುಶಿಕ್ಷಣ ಶಿಬಿರ’ ಎಂಬ ಹೆಸರಿನ ಬಂದೀಖಾನೆಗಳನ್ನು ಸೇರಿದರು. ಲಕ್ಷಾಂತರ ಜನ ಸಣ್ಣ ದೋಣಿಗಳಲ್ಲಿ ಸಮುದ್ರಕ್ಕಿಳಿದರು. ಬಿರುಗಾಳಿ, ಬಾಯಾರಿಕೆ ಮತ್ತು ಕಡಲ್ಗಳ್ಳರನ್ನು ದಾಟಿ 1995ರ ಹೊತ್ತಿಗೆ ಸುಮಾರು 8 ಲಕ್ಷ ಜನ ನೆರೆ ದೇಶಗಳ ದಡ ಮುಟ್ಟಿದರು. ಮುಟ್ಟದೇ ಹೋದವರ ಲೆಕ್ಕ ಇಟ್ಟವರಿಲ್ಲ.

ಲಾವೋಸ್‌ನ ಹ್ಮಾಂಗ್ ಜನ ಗುಡ್ಡಗಾಡಿನ ಕೃಷಿಕರು. ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ತನ್ನ ರಹಸ್ಯ ಸಮರಕ್ಕೆ ಅವರನ್ನು ಸೈನಿಕರನ್ನಾಗಿ ಬಳಸಿಕೊಂಡಿತ್ತು. 1964ರಿಂದ 1973ರವರೆಗೆ ಅಮೆರಿಕದ ವಿಮಾನಗಳು ಆ ಪುಟ್ಟ ದೇಶದ ಮೇಲೆ 20 ಲಕ್ಷ ಟನ್‌ಗೂ ಅಧಿಕ ಬಾಂಬು ಸುರಿದವು. 1975ರಲ್ಲಿ ಕಮ್ಯುನಿಸ್ಟರು ಅಧಿಕಾರ ಹಿಡಿದಾಗ ಹ್ಮಾಂಗ್ ಕುಟುಂಬಗಳು ರಾತ್ರೋರಾತ್ರಿ ಮೆಕಾಂಗ್ ನದಿ ದಾಟಿದವು. ಬೆಟ್ಟದ ಇಳಿಜಾರಿನಲ್ಲಿ ಭತ್ತ ಬೆಳೆಯುತ್ತಿದ್ದವರು ಕೆಲವೇ ವರ್ಷಗಳಲ್ಲಿ ಮಿನ್ನೆಸೋಟದ ಹಿಮದಲ್ಲಿ ಬದುಕು ಕಟ್ಟಿಕೊಳ್ಳಬೇಕಾಯಿತು.

ಚದುರಿಸಿ ನೆಲೆಗೊಳಿಸಿದ ನೀತಿ

1975ರಲ್ಲಿ ಅಮೆರಿಕಕ್ಕೆ ಬಂದ ಮೊದಲ ಸುಮಾರು 1.3 ಲಕ್ಷ ನಿರಾಶ್ರಿತರನ್ನು ಕ್ಯಾಲಿಫೋರ್ನಿಯಾ, ಅರ್ಕಾನ್ಸಾ, ಫ್ಲಾರಿಡಾ ಮತ್ತು ಪೆನ್ಸಿಲ್ವೇನಿಯಾಗಳ ನಾಲ್ಕು ಸೇನಾ ನೆಲೆಗಳಲ್ಲಿ ಇರಿಸಿ, ಅಲ್ಲಿಂದ ದೇಶದ ಉದ್ದಗಲಕ್ಕೂ ಹಂಚಲಾಯಿತು. ಯಾವುದೇ ಒಂದು ಊರಿಗೆ ಹೊರೆಯಾಗಬಾರದು, ನಿರಾಶ್ರಿತರು ಬೇಗ ಸ್ಥಳೀಯರೊಂದಿಗೆ ಬೆರೆಯಬೇಕು ಎಂಬುದು ಸರ್ಕಾರದ ಲೆಕ್ಕಾಚಾರ. ಚರ್ಚುಗಳು ಮತ್ತು ಪ್ರಾಯೋಜಕ ಕುಟುಂಬಗಳು ಒಂದೊಂದು ಮನೆಯವರ ಹೊಣೆ ಹೊತ್ತವು. ಆದರೆ ಅಜ್ಜ-ಅಜ್ಜಿ, ಚಿಕ್ಕಪ್ಪ-ದೊಡ್ಡಪ್ಪಂದಿರನ್ನೊಳಗೊಂಡ ಅವಿಭಕ್ತ ಕುಟುಂಬಕ್ಕೆ ಪ್ರಾಯೋಜಕರು ಸಿಗುವುದು ಕಷ್ಟವಾಗಿತ್ತು. ಸಮುದ್ರ ದಾಟಿ ಒಟ್ಟಿಗೆ ಉಳಿದ ಬಳಗ ಕಚೇರಿಯ ಕಡತದಲ್ಲಿ ಒಡೆದುಹೋದದ್ದೂ ಉಂಟು.

ಆದದ್ದು ಸರ್ಕಾರ ಎಣಿಸಿದಂತಲ್ಲ. ಭಾಷೆ ಬಾರದ, ತಮ್ಮವರೆಂಬ ಒಬ್ಬರೂ ಇಲ್ಲದ ಊರುಗಳನ್ನು ಬಿಟ್ಟು ಈ ಕುಟುಂಬಗಳು ಮತ್ತೆ ಗಂಟುಮೂಟೆ ಕಟ್ಟಿದವು. ವಿಯೆಟ್ನಾಮೀಯರು ಕ್ಯಾಲಿಫೋರ್ನಿಯಾದ ವೆಸ್ಟ್‌ಮಿನ್‌ಸ್ಟರ್ ಸುತ್ತಮುತ್ತ, ಕಾಂಬೋಡಿಯನ್ನರು ಲಾಂಗ್ ಬೀಚ್ ಹಾಗೂ ಮೆಸಾಚುಸೆಟ್ಸ್‌ನ ಲೊವೆಲ್‌ನಲ್ಲಿ, ಹ್ಮಾಂಗ್ ಜನ ಫ್ರೆಸ್ನೊ ಹಾಗೂ ಸೇಂಟ್ ಪಾಲ್‌ನಲ್ಲಿ ಒಟ್ಟುಗೂಡಿದರು. ಅಧಿಕಾರಿಗಳ ಕಣ್ಣಿಗೆ ಇದು ಯೋಜನೆಯ ವೈಫಲ್ಯದಂತೆ ಕಂಡಿತು. ವಾಸ್ತವದಲ್ಲಿ ಜನ ತಮಗೆ ಬೇಕಾದ ಔಷಧವನ್ನು ತಾವೇ ಹುಡುಕಿಕೊಂಡಿದ್ದರು.

ಇದಕ್ಕೆ ವೈದ್ಯಕೀಯ ಪುರಾವೆಯೂ ದೊರೆಯಿತು. ಒರೆಗಾನ್‌ನ ಮನೋವೈದ್ಯ ಡೇವಿಡ್ ಕಿಂಜಿ ಮತ್ತು ಸಹೋದ್ಯೋಗಿಗಳು ಬಾಲ್ಯದಲ್ಲಿ ಪೋಲ್ ಪಾಟ್ ಆಡಳಿತದ ಶ್ರಮ ಶಿಬಿರಗಳನ್ನು ಕಂಡಿದ್ದ 40 ಕಾಂಬೋಡಿಯನ್ ಶಾಲಾ ಮಕ್ಕಳನ್ನು ಅಧ್ಯಯನ ಮಾಡಿ 1986ರಲ್ಲಿ ವರದಿ ಪ್ರಕಟಿಸಿದರು. ಅವರಲ್ಲಿ ಅರ್ಧದಷ್ಟು ಮಕ್ಕಳಿಗೆ ‘ಪಿಟಿಎಸ್‌ಡಿ’ ಎಂದು ವೈದ್ಯರು ಕರೆಯುವ ಆಘಾತೋತ್ತರ ಒತ್ತಡದ ಕಾಯಿಲೆ ಇತ್ತು. ಎಲ್ಲರೂ ಕಂಡದ್ದು ಹೆಚ್ಚು ಕಡಿಮೆ ಅದೇ ನರಕ. ಆದರೆ ಸ್ವಂತ ಕುಟುಂಬದ ಒಬ್ಬರಾದರೂ ಜೊತೆಗಿದ್ದ ಮಕ್ಕಳ ಸ್ಥಿತಿ, ಅಪರಿಚಿತರ ಮನೆಯಲ್ಲಿ ಬೆಳೆದವರಿಗಿಂತ ಉತ್ತಮವಾಗಿತ್ತು.

ಲಾಂಗ್ ಬೀಚ್ ಬಯಲು ಮಾಡಿದ ಸತ್ಯ

1980ರ ದಶಕದಲ್ಲಿ ಲಾಂಗ್ ಬೀಚ್‌ನ ನೇತ್ರ ವೈದ್ಯರ ಬಳಿಗೆ ಕಣ್ಣು ಕಾಣುತ್ತಿಲ್ಲ ಎಂದು ಹೇಳಿಕೊಂಡು ಮಧ್ಯವಯಸ್ಸಿನ ಕಾಂಬೋಡಿಯನ್ ಮಹಿಳೆಯರು ಬರತೊಡಗಿದರು. ಪರೀಕ್ಷಿಸಿದರೆ ಕಣ್ಣಿನಲ್ಲಿ ದೋಷವಿಲ್ಲ. ಮಕ್ಕಳ, ಗಂಡಂದಿರ ಕೊಲೆಯನ್ನು ಕಣ್ಣಾರೆ ಕಂಡವರು ಅವರು. ನೋಡಬಾರದ್ದನ್ನು ನೋಡಿದ ಮೇಲೆ ದೃಷ್ಟಿಯೇ ಕೈಕೊಟ್ಟಿತ್ತು. ಖಮೇರ್ ರೂಜ್ ಹಿಡಿತದಲ್ಲಿ ಹೆಚ್ಚು ಕಾಲ ಇದ್ದವರ ದೃಷ್ಟಿ ಹೆಚ್ಚು ಮಂದವಾಗಿತ್ತು ಎಂಬುದನ್ನು 1989ರಲ್ಲಿ ಪ್ರಕಟವಾದ ಅಧ್ಯಯನವೊಂದು ದಾಖಲಿಸಿತು.

ಕಾಲ ಎಲ್ಲವನ್ನೂ ಮರೆಸುತ್ತದೆ ಎನ್ನುವ ಮಾತಿಗೆ ದೊಡ್ಡ ಪೆಟ್ಟು ಬಿದ್ದದ್ದು 2005ರಲ್ಲಿ. ಅಮೆರಿಕದ ವೈದ್ಯಕೀಯ ಸಂಘದ ನಿಯತಕಾಲಿಕ ‘ಜಾಮಾ’ದಲ್ಲಿ ಲಾಂಗ್ ಬೀಚ್‌ನ 490 ಕಾಂಬೋಡಿಯನ್ ವಯಸ್ಕರ ಸಮೀಕ್ಷೆ ಪ್ರಕಟವಾಯಿತು. ಅವರು ಅಮೆರಿಕಕ್ಕೆ ಬಂದು ಎರಡು ದಶಕ ಕಳೆದಿತ್ತು. ಹಾಗಿದ್ದೂ ಶೇ 62ರಷ್ಟು ಮಂದಿಯಲ್ಲಿ ಆಘಾತೋತ್ತರ ಒತ್ತಡದ ಕಾಯಿಲೆ, ಶೇ 51ರಷ್ಟು ಮಂದಿಯಲ್ಲಿ ತೀವ್ರ ಖಿನ್ನತೆ ಕಂಡುಬಂತು. ಶೇ 90ರಷ್ಟು ಮಂದಿ ಬಂಧು ಅಥವಾ ಸ್ನೇಹಿತರೊಬ್ಬರನ್ನು ಕೊಲೆಯಲ್ಲಿ ಕಳೆದುಕೊಂಡವರು. ಹಸಿವಿನಿಂದ ಸಾವಿನಂಚು ಕಂಡವರು ಶೇ 99.

ಈ ಅಂಕಿಗಳನ್ನು ಪತ್ರಿಕೆಗಳು ಸಾಕಷ್ಟು ಉಲ್ಲೇಖಿಸಿವೆ. ಅದೇ ವರದಿಯ ಇನ್ನೊಂದು ಭಾಗ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಅಮೆರಿಕಕ್ಕೆ ಬಂದ ಮೇಲೂ ಹಿಂಸೆಗೆ ಒಡ್ಡಿಕೊಂಡವರು ಶೇ 70. ಬಡತನ, ನಿರುದ್ಯೋಗ ಮತ್ತು ಇಂಗ್ಲಿಷ್ ಬಾರದಿರುವುದು ಕಾಯಿಲೆಯೊಂದಿಗೆ ನೇರವಾಗಿ ತಳಕು ಹಾಕಿಕೊಂಡಿದ್ದವು. ಬಾಡಿಗೆ ಅಗ್ಗವಾದ ಬಡಾವಣೆಗಳಲ್ಲೇ ನಿರಾಶ್ರಿತರಿಗೆ ಮನೆ ದೊರೆತಿತ್ತು. ಗುಂಪು ಘರ್ಷಣೆ, ಗುಂಡಿನ ಸದ್ದು ಅಲ್ಲಿ ಅಪರೂಪವಾಗಿರಲಿಲ್ಲ. ಬಾಣಲೆಯಿಂದ ಬೆಂಕಿಗಲ್ಲದಿದ್ದರೂ, ಬೆಂಕಿಯಿಂದ ಕೆಂಡದ ಪಕ್ಕಕ್ಕೆ ಬಂದಂತಾಗಿತ್ತು ಅವರ ಸ್ಥಿತಿ.

ಸಿಡ್ನಿ, ವ್ಯಾಂಕೂವರ್ ಕಲಿಸಿದ ಪಾಠ

ಹಾಗಾದರೆ ನಿರಾಶ್ರಿತರೆಲ್ಲರೂ ಜೀವನಪೂರ್ತಿ ರೋಗಿಗಳೇ? ಖಂಡಿತ ಅಲ್ಲ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ ನೆಲೆಸಿದ 1,161 ವಿಯೆಟ್ನಾಮೀಯರ ಅಧ್ಯಯನ 2002ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಸರಾಸರಿ 11 ವರ್ಷಗಳ ವಾಸದ ಬಳಿಕ ಬಹುಪಾಲು ಜನ ಆರೋಗ್ಯವಾಗಿದ್ದರು. ಅತಿ ಹೆಚ್ಚು ಬಗೆಯ ಆಘಾತಗಳನ್ನು ಉಂಡವರಲ್ಲಿ ಮಾತ್ರ ಅಪಾಯ ಉಳಿದುಕೊಂಡಿತ್ತು.

ಕೆನಡಾದಲ್ಲಿ ಮನೋವೈದ್ಯ ಮಾರ್ಟನ್ ಬೈಸರ್ ಅವರ ತಂಡ 1,348 ಆಗ್ನೇಯ ಏಷ್ಯಾ ನಿರಾಶ್ರಿತರನ್ನು ಹತ್ತು ವರ್ಷ ಬೆನ್ನುಹತ್ತಿ ಅಧ್ಯಯನ ಮಾಡಿತು. ವ್ಯಾಂಕೂವರ್‌ನಲ್ಲಿ ಮೊದಲಿನಿಂದಲೂ ಚೀನೀ ಸಮುದಾಯ ಗಟ್ಟಿಯಾಗಿ ಬೇರೂರಿದ್ದುದರಿಂದ ಚೀನೀ ಮೂಲದ ನಿರಾಶ್ರಿತರಿಗೆ ಆಸರೆ ಬೇಗ ಸಿಕ್ಕಿತು. ಅವರಲ್ಲಿ ಖಿನ್ನತೆ ಕಡಿಮೆಯಿತ್ತು. ಅಂಥ ಆಸರೆಯಿಲ್ಲದವರು ಹೆಚ್ಚು ನರಳಿದರು. ಮೊದಲ ವರ್ಷಗಳಲ್ಲಿ ಅಷ್ಟಾಗಿ ಕಾಡದ ಭಾಷೆಯ ಕೊರತೆ, ಹತ್ತು ವರ್ಷ ಕಳೆಯುವ ಹೊತ್ತಿಗೆ, ವಿಶೇಷವಾಗಿ ಮಹಿಳೆಯರಲ್ಲಿ, ಖಿನ್ನತೆಗೆ ಕಾರಣವಾಗತೊಡಗಿತ್ತು.

ಕೆನಡಾದ ಮತ್ತೊಂದು ಪ್ರಯೋಗವೂ ಗಮನಾರ್ಹ. 1979-80ರಲ್ಲಿ ಅಲ್ಲಿಗೆ ಬಂದ 60 ಸಾವಿರ ನಿರಾಶ್ರಿತರಲ್ಲಿ ಅರ್ಧಕ್ಕೂ ಹೆಚ್ಚು ಮಂದಿಯನ್ನು ಸಾಮಾನ್ಯ ನಾಗರಿಕರ ಗುಂಪುಗಳು ಮತ್ತು ಧಾರ್ಮಿಕ ಸಂಸ್ಥೆಗಳು ಪ್ರಾಯೋಜಿಸಿದ್ದವು. ಈ ಔದಾರ್ಯಕ್ಕಾಗಿ 1986ರಲ್ಲಿ ಕೆನಡಾದ ಜನತೆಗೆ ವಿಶ್ವಸಂಸ್ಥೆಯ ನಾನ್ಸೆನ್ ಪದಕ ಸಂದಿತು. ಸರ್ಕಾರಿ ನೆರವಿನಲ್ಲಿ ಬಂದವರಿಗಿಂತ ಹೀಗೆ ಬಂದವರು ದೀರ್ಘಾವಧಿಯಲ್ಲಿ ಸಮಾಜದೊಂದಿಗೆ ಚೆನ್ನಾಗಿ ಬೆರೆತರು. ಆದರೆ ಪ್ರಾಯೋಜಕರ ಧರ್ಮ ತಮ್ಮದಕ್ಕಿಂತ ಬೇರೆಯಾಗಿದ್ದ ಕೆಲವರಲ್ಲಿ ಆರಂಭದ ಖಿನ್ನತೆ ಹೆಚ್ಚಿತ್ತು. ಅನ್ನ ಕೊಟ್ಟವರ ದೇವರನ್ನೂ ಒಪ್ಪಿಕೊಳ್ಳಬೇಕೇ ಎಂಬ ಮುಜುಗರ ಮನಸ್ಸಿಗೆ ಹಗುರವಾದದ್ದಲ್ಲ.

ಸೈಗಾನ್‌ನಿಂದ ಬಂದವನ ಅನುಭವವನ್ನೂ ಖಮೇರ್ ರೂಜ್ ಶಿಬಿರದಿಂದ ಬದುಕಿ ಬಂದವಳ ಅನುಭವವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು, ನಿಜ. ಸಿಡ್ನಿಗೂ ಲಾಂಗ್ ಬೀಚ್‌ಗೂ ಇರುವ ಅಂತರಕ್ಕೆ ಅದೂ ಒಂದು ಕಾರಣ. ಆದರೆ ಒಂದೇ ಬಗೆಯ ಆಘಾತ ಕಂಡವರ ನಡುವೆಯೂ ಬಂಧುಬಳಗ, ಭಾಷೆ, ದುಡಿಮೆ ಇದ್ದವರು ಚೇತರಿಸಿಕೊಂಡರು ಎಂಬ ಅಂಶವನ್ನು ತಳ್ಳಿಹಾಕುವಂತಿಲ್ಲ.

ವಾಯು, ಚಿಂತೆ ಮತ್ತು ವೈದ್ಯರು

ಆರಂಭದ ದಿನಗಳಲ್ಲಿ ವೈದ್ಯರಿಗೂ ರೋಗಿಗಳಿಗೂ ಮಾತೇ ಹೊಂದುತ್ತಿರಲಿಲ್ಲ. ಆಘಾತೋತ್ತರ ಒತ್ತಡ ಎಂಬ ಕಾಯಿಲೆ ಅಮೆರಿಕದ ಮನೋವೈದ್ಯರ ಅಧಿಕೃತ ಕೈಪಿಡಿಗೆ ಸೇರಿದ್ದೇ 1980ರಲ್ಲಿ. ಕಾಂಬೋಡಿಯನ್ನರು ತಮ್ಮ ಸಂಕಟವನ್ನು ‘ಖ್ಯಾಲ್’, ಅಂದರೆ ಗಾಳಿ, ಎಂಬ ಮಾತಿನಲ್ಲಿ ಹೇಳುತ್ತಿದ್ದರು. ಕೈಕಾಲು ತಣ್ಣಗಾಗಿ, ದೇಹದೊಳಗಿನ ಗಾಳಿ ಮೇಲಕ್ಕೇರಿ, ಎದೆ ಹಿಡಿದು, ಕುತ್ತಿಗೆಯ ನರ ಬಿಗಿದು ಜೀವ ಹೋಗುತ್ತದೆಂಬ ಭಯ. ವಾಯು ಏರಿತು ಎಂದು ಹೇಳುವುದನ್ನು ಮನೆಯ ಹಿರಿಯರ ಬಾಯಲ್ಲಿ ಕೇಳಿ ಬೆಳೆದ ಕನ್ನಡಿಗರಿಗೆ ಇದು ತೀರಾ ಅಪರಿಚಿತ ಭಾಷೆಯೇನಲ್ಲ. ಬಾಸ್ಟನ್ ಪರಿಸರದ ಮನೋವೈದ್ಯ ಡೆವನ್ ಹಿಂಟನ್ ಇದನ್ನು ವಿಸ್ತಾರವಾಗಿ ಅಧ್ಯಯನ ಮಾಡಿದರು. 2013ರಲ್ಲಿ ಹೊರಬಂದ ಅದೇ ಕೈಪಿಡಿಯ ಐದನೇ ಆವೃತ್ತಿಯಲ್ಲಿ ಅದಕ್ಕೆ ಸ್ಥಾನ ದೊರೆಯಿತು. ‘ಅತಿಯಾಗಿ ಯೋಚಿಸುವುದು’ ಅವರು ಹೇಳಿಕೊಳ್ಳುವ ಇನ್ನೊಂದು ಕಾಯಿಲೆ. ಚಿತೆ ಹೆಣವನ್ನು ಸುಟ್ಟರೆ ಚಿಂತೆ ಜೀವವನ್ನು ಸುಡುತ್ತದೆ ಎನ್ನುವ ನಾಡಿನವರಿಗೆ ಅದನ್ನೂ ಬಿಡಿಸಿ ಹೇಳಬೇಕಾಗಿಲ್ಲ.

ಈ ಗಾಳಿಯನ್ನು ಇಳಿಸಲು ಬೆನ್ನಿಗೆ ನಾಣ್ಯದಿಂದ ಉಜ್ಜುವ ಪದ್ಧತಿ ಕಾಂಬೋಡಿಯಾ, ವಿಯೆಟ್ನಾಂಗಳಲ್ಲಿದೆ. ಮಕ್ಕಳ ಬೆನ್ನಿನ ಕೆಂಪು ಗೀರುಗಳನ್ನು ಕಂಡ ಶಿಕ್ಷಕರು ಮತ್ತು ವೈದ್ಯರು ಅದನ್ನು ಮಕ್ಕಳ ಮೇಲಿನ ಹಿಂಸೆ ಎಂದು ತಪ್ಪು ತಿಳಿದ ಪ್ರಸಂಗಗಳು ದಾಖಲಾಗಿವೆ. ಮನೆಮದ್ದು ಮಾಡಿದ ತಾಯಿ ತನಿಖೆ ಎದುರಿಸಬೇಕಾದ ಸ್ಥಿತಿ.

ಹ್ಮಾಂಗ್ ಸಮುದಾಯದ್ದು ಇನ್ನೂ ಘೋರ. 1977ರಿಂದೀಚೆಗೆ ಆರೋಗ್ಯವಂತ ಯುವಕರು ರಾತ್ರಿ ಮಲಗಿದವರು ಬೆಳಿಗ್ಗೆ ಏಳದೇ ಹೋದರು. ಅಮೆರಿಕದ ರೋಗ ನಿಯಂತ್ರಣ ಕೇಂದ್ರ 1981ರಲ್ಲಿ ಆಗ್ನೇಯ ಏಷ್ಯಾ ನಿರಾಶ್ರಿತರಲ್ಲಿ ಇಂಥ 38 ಸಾವುಗಳನ್ನು ವರದಿ ಮಾಡಿತು. ಹೃದಯ ಬಡಿತದ ಲಯಕ್ಕೆ ಸಂಬಂಧಿಸಿದ ವಂಶಪಾರಂಪರ್ಯ ದೋಷದತ್ತ ನಂತರದ ಸಂಶೋಧನೆ ಬೊಟ್ಟು ಮಾಡಿತು. ಆದರೆ ಎದೆಯ ಮೇಲೆ ಕೂರುವ ದೆವ್ವದ ಭಯ, ಅದನ್ನು ಓಡಿಸುವ ಆಚರಣೆಗಳನ್ನು ಹೊಸ ನಾಡಿನಲ್ಲಿ ನಡೆಸಲಾಗದ ಸಂಕಟವೂ ಸಾವನ್ನು ಹತ್ತಿರ ತಂದಿರಬಹುದು ಎಂದು ವಾದಿಸಿದ ಸಂಶೋಧಕರಿದ್ದಾರೆ. ತಡವಾಗಿಯಾದರೂ ಪಾಠ ಕಲಿತ ಉದಾಹರಣೆಯಾಗಿ ಕ್ಯಾಲಿಫೋರ್ನಿಯಾದ ಮರ್ಸೆಡ್ ಪಟ್ಟಣವನ್ನು ನೋಡಬಹುದು. ಅಲ್ಲಿನ ಆಸ್ಪತ್ರೆಯೊಂದು ಹ್ಮಾಂಗ್ ಪೂಜಾರಿಗಳಿಗೆ ರೋಗಿಯ ಹಾಸಿಗೆಯ ಪಕ್ಕದಲ್ಲೇ ಕೆಲವು ವಿಧಿಗಳನ್ನು ನಡೆಸಲು 2009ರಲ್ಲಿ ಅಧಿಕೃತ ಅವಕಾಶ ಕಲ್ಪಿಸಿತು.

ಹಾಗೆಂದು ಎಲ್ಲವನ್ನೂ ಸಂಸ್ಕೃತಿಯ ತಲೆಗೆ ಕಟ್ಟುವುದೂ ಸರಿಯಲ್ಲ. ಏಷ್ಯಾದವರು ಮನೋವೈದ್ಯರ ಬಳಿ ಹೋಗುವುದಿಲ್ಲ, ಅವರಿಗೆ ಆಧುನಿಕ ಚಿಕಿತ್ಸೆಯಲ್ಲಿ ನಂಬಿಕೆಯಿಲ್ಲ ಎಂಬುದು ಆಡಳಿತಗಾರರು ಸುಲಭವಾಗಿ ಹೇಳುವ ಮಾತು. ಲಾಂಗ್ ಬೀಚ್‌ನ ಅದೇ ಸಂಶೋಧಕರ ಬಳಗ ಚಿಕಿತ್ಸೆಗೆ ಇರುವ ಅಡ್ಡಿಗಳೇನು ಎಂದು ಕೇಳಿದಾಗ ಸಿಕ್ಕ ಉತ್ತರ ಬೇರೆಯೇ ಇತ್ತು. 2006ರಲ್ಲಿ ಪ್ರಕಟವಾದ ಆ ಫಲಿತಾಂಶದಂತೆ, ಬಹುತೇಕರು ಹೇಳಿದ್ದು ದುಬಾರಿ ಖರ್ಚು ಮತ್ತು ಭಾಷೆಯ ತೊಡಕು. ಪಾಶ್ಚಾತ್ಯ ವೈದ್ಯದಲ್ಲಿ ನಂಬಿಕೆಯಿಲ್ಲ ಎಂದವರು ಬೆರಳೆಣಿಕೆಯಷ್ಟು. ಜನ ಬಾಗಿಲ ಬಳಿ ಬಂದಿದ್ದರು, ಒಳಗೆ ಹೋಗಲು ಕೈಯಲ್ಲಿ ಹಣವಿರಲಿಲ್ಲ, ಒಳಗೆ ಅವರ ಮಾತು ಬಲ್ಲವರಿರಲಿಲ್ಲ.

ಸರಾಸರಿಯಲ್ಲಿ ಮರೆಯಾದ ಮಕ್ಕಳು

ಕ್ಯಾಲಿಫೋರ್ನಿಯಾದ ಬೀದಿಬೀದಿಗಳಲ್ಲಿ ಕಾಣುವ ಡೋನಟ್ ಅಂಗಡಿಗಳಲ್ಲಿ ಬಹುಪಾಲು ಕಾಂಬೋಡಿಯನ್ ಕುಟುಂಬಗಳವು. ಬೆಳಗಿನ ಜಾವ ಎದ್ದು ಹಿಟ್ಟು ನಾದಿ ಮಕ್ಕಳನ್ನು ಕಾಲೇಜಿಗೆ ಕಳಿಸಿದ ಸಾವಿರಾರು ತಂದೆತಾಯಿಯರ ಶ್ರಮ ಅದರ ಹಿಂದಿದೆ. ಇಂಥ ಯಶಸ್ಸಿನ ಕಥೆಗಳೇ ಒಂದು ಬಗೆಯಲ್ಲಿ ತೊಡಕೂ ಆದವು. ಏಷ್ಯಾ ಮೂಲದವರೆಲ್ಲರೂ ಸುಶಿಕ್ಷಿತರು, ಸಿರಿವಂತರು ಎಂಬ ಚಿತ್ರ ಅಮೆರಿಕದಲ್ಲಿ ಬೇರೂರಿತು. ಎಂಜಿನಿಯರ್ ವೀಸಾದಲ್ಲಿ ಬಂದ ಭಾರತೀಯನನ್ನೂ ಥಾಯ್ಲೆಂಡ್‌ನ ಶಿಬಿರದಿಂದ ಬಂದ ಹ್ಮಾಂಗ್ ರೈತನನ್ನೂ ಒಂದೇ ಸಾಲಿನಲ್ಲಿ ಕೂಡಿ ಭಾಗಿಸಿದ ಸರಾಸರಿಯಲ್ಲಿ ರೈತನ ಬಡತನ ಮರೆಯಾಯಿತು.

ಮನೆಯೊಳಗೂ ಪಾತ್ರಗಳು ತಿರುವುಮುರುವಾದವು. ಬೇಗ ಇಂಗ್ಲಿಷ್ ಕಲಿತ ಮಕ್ಕಳು ಆಸ್ಪತ್ರೆಯಲ್ಲಿ, ಬ್ಯಾಂಕಿನಲ್ಲಿ ಹೆತ್ತವರಿಗೆ ದುಭಾಷಿಗಳಾದರು. ಊರಿನಲ್ಲಿ ನಾಲ್ಕು ಜನಕ್ಕೆ ಬುದ್ಧಿ ಹೇಳುತ್ತಿದ್ದ ಹಿರಿಯ, ಹತ್ತು ವರ್ಷದ ಮಗನ ಮುಖ ನೋಡಿ ಸಹಿ ಹಾಕುವಂತಾಯಿತು. ಹೆತ್ತವರು ತಾವು ಕಂಡದ್ದನ್ನು ಹೇಳಲಿಲ್ಲ, ಮಕ್ಕಳಿಗೆ ಕೇಳಲು ತಿಳಿಯಲಿಲ್ಲ. 1989ರ ಜನವರಿ 17ರಂದು ಸ್ಟಾಕ್ಟನ್ ನಗರದ ಪ್ರಾಥಮಿಕ ಶಾಲೆಯೊಂದರಲ್ಲಿ ನಡೆದ ಗುಂಡಿನ ದಾಳಿಯಲ್ಲಿ ಸತ್ತ ಐದೂ ಮಕ್ಕಳು ಆಗ್ನೇಯ ಏಷ್ಯಾ ನಿರಾಶ್ರಿತರ ಮಕ್ಕಳು. ಯುದ್ಧದಿಂದ ಪಾರು ಮಾಡಿ ತಂದ ಕುಡಿಗಳನ್ನು ಶಾಲೆಯ ಅಂಗಳದಲ್ಲಿ ಕಳೆದುಕೊಂಡ ಹೆತ್ತವರಿಗೆ ಸುರಕ್ಷಿತ ನೆಲ ಎಂಬ ಮಾತಿನ ಅರ್ಥವೇ ಕಳೆದುಹೋಯಿತು. ಬಡ ಬಡಾವಣೆಗಳಲ್ಲಿ ಬೆದರಿಕೆಗೆ ಉತ್ತರವಾಗಿ ಹುಡುಗರು ಗುಂಪು ಕಟ್ಟಿಕೊಂಡರು. ಕೆಲವರು ಜೈಲು ಸೇರಿದರು.

ಮತ್ತೆ ಗಡಿಪಾರಿನ ತೂಗುಗತ್ತಿ

ಆ ಹುಡುಗರ ತಪ್ಪಿಗೆ ಶಿಕ್ಷೆ ಜೈಲಿನಲ್ಲಿ ಮುಗಿಯಲಿಲ್ಲ. 1996ರ ವಲಸೆ ಕಾಯ್ದೆ, ಪೌರತ್ವ ಪಡೆಯದವರು ಹಿಂದೆಂದೋ ಮಾಡಿದ ಅಪರಾಧಗಳಿಗೂ ಗಡಿಪಾರು ಅನ್ವಯವಾಗುವಂತೆ ಮಾಡಿತು. 2002ರಲ್ಲಿ ಕಾಂಬೋಡಿಯಾ ತನ್ನವರನ್ನು ವಾಪಸು ಪಡೆಯಲು ಒಪ್ಪಿತು. 1995ಕ್ಕೆ ಮುನ್ನ ಬಂದವರನ್ನು ಕಳಿಸುವುದಿಲ್ಲ ಎಂದು 2008ರಲ್ಲಿ ವಿಯೆಟ್ನಾಂನೊಂದಿಗೆ ಆಗಿದ್ದ ಒಪ್ಪಂದದ ರಕ್ಷಣೆಯೂ 2020ರ ಹೊಸ ತಿಳಿವಳಿಕೆ ಪತ್ರದೊಂದಿಗೆ ಸಡಿಲವಾಯಿತು. 2025ರಲ್ಲಿ ಲಾವೋಸ್ ಸೇರಿದಂತೆ ಮೂರೂ ದೇಶಗಳಿಗೆ ಗಡಿಪಾರು ಹೆಚ್ಚಿತು. ಹೀಗೆ ಹೋದವರಲ್ಲಿ ಥಾಯ್ಲೆಂಡ್‌ನ ಶಿಬಿರಗಳಲ್ಲಿ ಹುಟ್ಟಿ, ತಮ್ಮದೆನ್ನುವ ದೇಶವನ್ನು ಕಣ್ಣಿಂದಲೂ ಕಾಣದವರಿದ್ದಾರೆ. ಶಿಕ್ಷೆ ಮುಗಿಸಿ, ದಶಕಗಳಿಂದ ದುಡಿದು ಮಕ್ಕಳನ್ನು ಸಾಕಿದವರಿದ್ದಾರೆ. ರಾತ್ರಿ ಬಾಗಿಲು ತಟ್ಟಿ ಗಂಡಸರನ್ನು ಕರೆದೊಯ್ದ ನೆನಪನ್ನು ಮರೆಯಲು ಹೆಣಗುತ್ತಿರುವ ವೃದ್ಧ ತಾಯಂದಿರಿಗೆ ಮತ್ತೊಮ್ಮೆ ಬಾಗಿಲು ತಟ್ಟುವ ಸದ್ದು ಏನನ್ನು ನೆನಪಿಸೀತು ಎಂಬುದನ್ನು ಊಹಿಸಲು ಮನೋವೈದ್ಯರೇ ಬೇಕಿಲ್ಲ.

ನೆರವಿನ ಲೆಕ್ಕವೂ ಇದೇ ಹಾದಿ ಹಿಡಿದಿದೆ. ಸಾಮಾನ್ಯ ಕಲ್ಯಾಣ ಯೋಜನೆಗಳಡಿ ಬಾರದ ನಿರಾಶ್ರಿತರಿಗೆ 1980ರ ಕಾಯ್ದೆಯಡಿ 36 ತಿಂಗಳ ನಗದು ನೆರವು ದೊರೆಯುತ್ತಿತ್ತು. 1982ರಲ್ಲಿ ಅದು 18 ತಿಂಗಳಿಗೆ, 1991ರಲ್ಲಿ 8 ತಿಂಗಳಿಗೆ ಇಳಿಯಿತು. 2022ರಲ್ಲಿ 12 ತಿಂಗಳಿಗೆ ಏರಿ, 2025ರ ಮೇ ತಿಂಗಳಲ್ಲಿ 4 ತಿಂಗಳಿಗೆ ಕುಸಿಯಿತು. ಹೊಸ ಭಾಷೆಯಲ್ಲಿ ಸಂತೆಗೆ ಹೋಗಿ ಬರಲು ಕಲಿಯುವುದಕ್ಕೂ ಈ ಅವಧಿ ಸಾಲದು. 1980ರ ಒಂದೇ ವರ್ಷದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ನಿರಾಶ್ರಿತರನ್ನು ಬರಮಾಡಿಕೊಂಡ ಅಮೆರಿಕ, 2026ರ ಹಣಕಾಸು ವರ್ಷಕ್ಕೆ ನಿಗದಿಪಡಿಸಿದ ಮಿತಿ 7,500.

ಆಗ್ನೇಯ ಏಷ್ಯಾದ ನಿರಾಶ್ರಿತರ ಸಮಸ್ಯೆ ಹಳೆಯ ಕಥೆಯೇನೂ ಅಲ್ಲ. ಮ್ಯಾನ್ಮಾರ್‌ನಲ್ಲಿ 2021ರ ಫೆಬ್ರುವರಿಯಲ್ಲಿ ಸೇನೆ ಅಧಿಕಾರ ಕಿತ್ತುಕೊಂಡ ಮೇಲೆ ಚಿನ್ ಜನಾಂಗದ ಸಾವಿರಾರು ಕುಟುಂಬಗಳು ಗಡಿ ದಾಟಿ ಮಿಜೋರಾಂ ಸೇರಿವೆ. ಭಾರತ 1951ರ ನಿರಾಶ್ರಿತರ ಒಡಂಬಡಿಕೆಗೆ ಸಹಿ ಹಾಕಿಲ್ಲ. ಆದರೂ ಒಂದೇ ಮೂಲದವರೆಂಬ ನಂಟಿನಿಂದ ಮಿಜೊ ಜನರ ಸಂಘಟನೆಗಳು ಮತ್ತು ಚರ್ಚುಗಳು ಅವರಿಗೆ ಅಕ್ಕಿ, ಸೂರು ಒದಗಿಸಿದವು. ಬಂಧುಗಳ ನಡುವೆ ಇರುವುದು ಎಷ್ಟು ದೊಡ್ಡ ಬಲ ಎಂಬುದನ್ನು ವ್ಯಾಂಕೂವರ್‌ನ ಅಧ್ಯಯನ ಹೇಳಿತ್ತು. ಆದರೆ ಕಾನೂನಿನ ಮಾನ್ಯತೆ, ದುಡಿಯುವ ಹಕ್ಕು ಇಲ್ಲದೆ ಆ ಬಲ ಎಷ್ಟು ದಿನ ಉಳಿದೀತು ಎಂಬ ಪ್ರಶ್ನೆ ದೆಹಲಿಯ ಮುಂದಿದೆ.

ಐವತ್ತು ವರ್ಷಗಳ ಅನುಭವ ಆಶ್ರಯ ನೀಡುವ ದೇಶಗಳಿಗೆ ಹೇಳುವ ಮಾತುಗಳು ಕಠಿಣವೇನಲ್ಲ. ಕುಟುಂಬಗಳನ್ನು ಒಡೆಯಬಾರದು. ತಮ್ಮವರ ನಡುವೆ ಬದುಕಲು ಬಿಡಬೇಕು. ಭಾಷೆ ಕಲಿಯಲು ಸಮಯ ಮತ್ತು ಹಣ ಕೊಡಬೇಕು. ಆಸ್ಪತ್ರೆಗಳಲ್ಲಿ ಅವರ ಮಾತು ಬಲ್ಲವರನ್ನು ನೇಮಿಸಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಒಮ್ಮೆ ಕೊಟ್ಟ ಆಶ್ರಯವನ್ನು ಹಿಂದಕ್ಕೆ ಕಸಿಯುವ ಭಯವನ್ನು ತಪ್ಪಿಸಬೇಕು. ಇವುಗಳಲ್ಲಿ ಒಂದೆರಡು ಮಾತ್ರ ವೈದ್ಯರ ಕೈಯಲ್ಲಿವೆ. ಉಳಿದವೆಲ್ಲವೂ ಸರ್ಕಾರಗಳ ಕೈಯಲ್ಲಿವೆ.